ಹಾಲಿನ ಹಾರ್ಮೋನ್ ಪರೀಕ್ಷೆ: ಜೊತೆಗಾರ ಸರಿಯಿದ್ದರೆ ಲೆಕ್ಕ ಸರಿ



ಹೈನುಗಾರಿಕೆ ಲಾಭದಾಯಕವಾಗಬೇಕಾದರೆ ಹಸು ಸಕಾಲದಲ್ಲಿ ಬೆದೆಗೆ ಬಂದು, ಗಬ್ಬ ಕಟ್ಟಿ, ಹೆಚ್ಚುಕಡಿಮೆ ವರ್ಷಕ್ಕೊಂದು ಕರು ಹಾಕಬೇಕು ಎಂಬುದು ತಮಗೆಲ್ಲ ತಿಳಿದ ವಿಷಯ. ಒಂದು ಬೆದೆ ಕೈತಪ್ಪಿದರೆ ಇನ್ನೊಂದು ಬೆದೆಗೆ ಸುಮಾರು 21 ದಿನ ಕಾಯಬೇಕು. ಆ ದಿನಗಳಲ್ಲಿ ಮೇವು, ಹಿಂಡಿ, ಕೂಲಿ ಯಾವ ಖರ್ಚೂ ನಿಲ್ಲುವುದಿಲ್ಲ. ಆದ್ದರಿಂದಲೇ ಕೃತಕ ಗರ್ಭಧಾರಣೆ ಮಾಡಿಸಿದ ಹಸು ಗಬ್ಬವಾಯಿತೇ ಇಲ್ಲವೇ ಎಂಬುದನ್ನು ಎಷ್ಟು ಬೇಗ ತಿಳಿದರೆ ಅಷ್ಟು ಒಳ್ಳೆಯದು.

ಪಶುವೈದ್ಯರು ಗುದದ್ವಾರದ ಮೂಲಕ ಕೈಹಾಕಿ ಗರ್ಭಕೋಶವನ್ನು ಮುಟ್ಟಿ ಹೇಳಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಕಾಯಬೇಕಾಗುತ್ತದೆ. ಇದಕ್ಕಿಂತ ಬೇಗ ಸುಳಿವು ಕೊಡುವುದು ಹಾಲಿನಲ್ಲಿರುವ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನ್. ಹಾಲಿನ ಪ್ರೊಜೆಸ್ಟೆರಾನ್ ನೋಡಿ ಹಸುವಿನ ಸ್ಥಿತಿಯನ್ನು ತಿಳಿಯಬಹುದು ಎಂದು ಬ್ರಿಟನ್ನಿನ ವಿಜ್ಞಾನಿಗಳಾದ ಲೇಂಗ್ ಮತ್ತು ಹೀಪ್ 1971ರಲ್ಲಿ ತೋರಿಸಿದರು. ಈ ಪರೀಕ್ಷೆಯ ವರದಿಯಲ್ಲಿ ಒಂದು ಅಂಕಿ ಬರುತ್ತದೆ. ಆ ಅಂಕಿಯನ್ನು ನಂಬಿ ನಾವು ಹಸುವಿಗೆ ಮತ್ತೆ ಗರ್ಭಧಾರಣೆ ಮಾಡಿಸುತ್ತೇವೆ, ಚಿಕಿತ್ಸೆ ಕೊಡಿಸುತ್ತೇವೆ, ಕೆಲವೊಮ್ಮೆ ಹಸುವನ್ನೇ ಮಾರಿಬಿಡುತ್ತೇವೆ. ಹೀಗಿರುವಾಗ ಆ ಅಂಕಿ ಹೇಗೆ ಬರುತ್ತದೆ, ಅದು ಯಾವಾಗ ಸರಿ, ಯಾವಾಗ ತಪ್ಪಬಹುದು ಎಂಬುದನ್ನು ಉತ್ಪಾದಕರು ತಿಳಿದಿರುವುದು ಒಳ್ಳೆಯದು.

ಪ್ರೊಜೆಸ್ಟೆರಾನ್ ಎಂದರೇನು?

ಹಸುವಿನ ಅಂಡಾಶಯದಿಂದ ಅಂಡ ಹೊರಬಿದ್ದ ಜಾಗದಲ್ಲಿ ಒಂದು ಹಳದಿ ಗಂಟು ಬೆಳೆಯುತ್ತದೆ. ಪ್ರೊಜೆಸ್ಟೆರಾನ್ ತಯಾರಾಗುವುದು ಇಲ್ಲಿಯೇ. ಇದು ಸ್ಟೀರಾಯ್ಡ್ ಜಾತಿಯ ಹಾರ್ಮೋನ್. ರಕ್ತದ ಮೂಲಕ ಕೆಚ್ಚಲಿಗೆ ಬಂದು ಹಾಲಿಗೆ ಸೇರುತ್ತದೆ. ಬೆದೆಯ ದಿನ ಹಾಲಿನಲ್ಲಿ ಇದು ಅತಿ ಕಡಿಮೆ. ನಾಲ್ಕೈದು ದಿನಗಳ ನಂತರ ಏರತೊಡಗುತ್ತದೆ. ಹಸು ಗಬ್ಬವಾಗದಿದ್ದರೆ 17-18ನೇ ದಿನದ ಸುಮಾರಿಗೆ ಗಂಟು ಕರಗಿ ಹಾರ್ಮೋನ್ ಇಳಿಯುತ್ತದೆ. ಹಸು ಮತ್ತೆ ಬೆದೆಗೆ ಬರುತ್ತದೆ. ಗಬ್ಬವಾಗಿದ್ದರೆ ಗಂಟು ಉಳಿಯುತ್ತದೆ, ಹಾರ್ಮೋನೂ ಏರಿದ ಮಟ್ಟದಲ್ಲೇ ನಿಲ್ಲುತ್ತದೆ.

ಆದ್ದರಿಂದ ಗರ್ಭಧಾರಣೆ ಮಾಡಿಸಿದ 21ರಿಂದ 24ನೇ ದಿನದೊಳಗೆ ತೆಗೆದ ಹಾಲಿನಲ್ಲಿ ಪ್ರೊಜೆಸ್ಟೆರಾನ್ ಕಡಿಮೆಯಿದ್ದರೆ ಹಸು ಗಬ್ಬವಿಲ್ಲ ಎಂದು ಬಹುಮಟ್ಟಿಗೆ ಖಚಿತವಾಗಿ ಹೇಳಬಹುದು. ಹೆಚ್ಚಿದ್ದರೆ ಗಬ್ಬವಿರುವ ಸಂಭವ ಹೆಚ್ಚು ಎನ್ನಬಹುದೇ ಹೊರತು ಖಚಿತವಲ್ಲ. ಏಕೆಂದರೆ ಗರ್ಭಧಾರಣೆ ತಪ್ಪು ದಿನ ಆಗಿದ್ದರೂ, ಗರ್ಭಕೋಶದಲ್ಲಿ ಕೀವು ತುಂಬಿ ಗಂಟು ಕರಗದೆ ಉಳಿದಿದ್ದರೂ ಹಾರ್ಮೋನ್ ಹೆಚ್ಚಿರುತ್ತದೆ.

ಎಷ್ಟು ಸಣ್ಣ ಅಳತೆ?

ಇಡೀ ಹಾಲಿನ ಬಹಳಷ್ಟು ಪರೀಕ್ಷೆಗಳಲ್ಲಿ ಮಿಲಿಲೀಟರಿಗೆ ಸುಮಾರು 5 ನ್ಯಾನೋಗ್ರಾಂ ಎಂಬುದನ್ನು ಗೆರೆಯಾಗಿ ಇಟ್ಟುಕೊಳ್ಳುತ್ತಾರೆ. ಗೆರೆಗಿಂತ ಕೆಳಗಿದ್ದರೆ ಕಡಿಮೆ, ಮೇಲಿದ್ದರೆ ಹೆಚ್ಚು. ಒಂದು ಗ್ರಾಂನ ನೂರು ಕೋಟಿ ಭಾಗಗಳಲ್ಲಿ ಒಂದು ಭಾಗವೇ ನ್ಯಾನೋಗ್ರಾಂ. ಅಂದರೆ 1,000 ಲೀಟರ್ ಹಾಲಿನಲ್ಲಿರುವ ಪ್ರೊಜೆಸ್ಟೆರಾನ್ ಎಲ್ಲ ಸೇರಿ ಕೇವಲ 5 ಮಿಲಿಗ್ರಾಂ. ಲೀಟರಿಗೆ 35 ಗ್ರಾಂ ಕೊಬ್ಬಿರುವ ಹಾಲಿನಲ್ಲಿ ಕೊಬ್ಬು ಈ ಹಾರ್ಮೋನಿಗಿಂತ 70 ಲಕ್ಷ ಪಟ್ಟು ಹೆಚ್ಚಿರುತ್ತದೆ! ಸಂಘದಲ್ಲಿ ಕೊಬ್ಬಿನಾಂಶ ಅಳೆದಷ್ಟು ಸುಲಭದ ಕೆಲಸ ಇದಲ್ಲ ಎಂಬುದು ಇದರಿಂದಲೇ ತಿಳಿಯುತ್ತದೆ.

ಕೊಟ್ಟಿಗೆಯಲ್ಲೇ ಬಳಸಬಹುದಾದ ಪಟ್ಟಿ ಪರೀಕ್ಷೆಗಳೂ ಪ್ರಯೋಗಾಲಯದ ಎಲೈಸಾ ಪರೀಕ್ಷೆಗಳೂ ಇವೆ. ಇವು ಪ್ರತಿಕಾಯ ಎಂಬ ವಸ್ತುವಿನಿಂದ ಹಾರ್ಮೋನನ್ನು ಹಿಡಿಯುತ್ತವೆ. ಆದರೆ ಪ್ರೊಜೆಸ್ಟೆರಾನನ್ನು ಹೋಲುವ ಬೇರೆ ಸ್ಟೀರಾಯ್ಡುಗಳನ್ನೂ ಪ್ರತಿಕಾಯ ಸ್ವಲ್ಪಮಟ್ಟಿಗೆ ಹಿಡಿದುಬಿಡಬಹುದು. ಇಂತಹ ಪರೀಕ್ಷೆ ಸರಿಯಾಗಿ ಹೇಳುತ್ತಿದೆಯೇ ಎಂದು ಒರೆಗೆ ಹಚ್ಚಿ ನೋಡಲು ಬಳಸುವ ಯಂತ್ರವೇ ಮಾಸ್ ಸ್ಪೆಕ್ಟ್ರೋಮೀಟರ್. ಇದು ನಮ್ಮ ಸಂಘಗಳಲ್ಲಿ ಇಡುವಂಥ ಯಂತ್ರವಲ್ಲ, ದೊಡ್ಡ ಪ್ರಯೋಗಾಲಯಗಳಲ್ಲಿ ಇರುವಂಥದು. ಆದರೆ ತೂಕದ ಕಲ್ಲು ಸರಿಯಿಲ್ಲದಿದ್ದರೆ ತಕ್ಕಡಿ ಎಷ್ಟು ಒಳ್ಳೆಯದಿದ್ದರೂ ಪ್ರಯೋಜನವಿಲ್ಲವಷ್ಟೆ. ಕೊಟ್ಟಿಗೆಯ ಪಟ್ಟಿ ಪರೀಕ್ಷೆಗೆ ತೂಕದ ಕಲ್ಲಿನಂತಿರುವುದು ಈ ಯಂತ್ರದ ಅಳತೆ.

ಯಂತ್ರ ಕೆಲಸ ಮಾಡುವ ಬಗೆ

ಮಾಸ್ ಸ್ಪೆಕ್ಟ್ರೋಮೀಟರ್ ಎಂದರೆ ಅಣುಗಳನ್ನು ತೂಕದ ಮೇಲೆ ಬೇರ್ಪಡಿಸಿ ಎಣಿಸುವ ಸಾಧನ. ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ ಆಸ್ಟನ್ ಎಂಬ ವಿಜ್ಞಾನಿ 1919ರಲ್ಲಿ ಇಂತಹ ಯಂತ್ರ ನಿರ್ಮಿಸಿ, ಒಂದೇ ಮೂಲವಸ್ತುವಿನಲ್ಲಿ ಬೇರೆ ಬೇರೆ ತೂಕದ ಪರಮಾಣುಗಳಿರುವುದನ್ನು ತೋರಿಸಿದರು. 1922ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಹಾಲನ್ನು ನೇರವಾಗಿ ಯಂತ್ರಕ್ಕೆ ಸುರಿಯಲು ಬರುವುದಿಲ್ಲ. ಮೊದಲು ಪ್ರೋಟೀನನ್ನು ಒಡೆಸಿ ತೆಗೆಯಬೇಕು. ಕೊಬ್ಬಿನಲ್ಲಿ ಕರಗಿರುವ ಹಾರ್ಮೋನನ್ನು ದ್ರಾವಕದಿಂದ ಸೆಳೆದುಕೊಳ್ಳಬೇಕು. ದ್ರಾವಕವನ್ನು ಆರಿಸಬೇಕು. ಉಳಿದ ಸಾರವನ್ನು ಒಂದು ಸಣ್ಣ ಕೊಳವೆಯ ಮೂಲಕ ಹಾಯಿಸಿದಾಗ ಬೇರೆ ಬೇರೆ ವಸ್ತುಗಳು ಬೇರೆ ಬೇರೆ ನಿಮಿಷಕ್ಕೆ ಹೊರಬರುತ್ತವೆ. ಹೊರಬಂದ ಅಣುಗಳಿಗೆ ಯಂತ್ರದ ಬಾಯಿಯಲ್ಲಿ ವಿದ್ಯುದಂಶ ಕೊಟ್ಟು ಒಳಗೆ ಎಳೆದುಕೊಳ್ಳಲಾಗುತ್ತದೆ.

ಈ ಹಾದಿಯಲ್ಲಿ ಎರಡು ಕಡೆ ನಷ್ಟವಿದೆ. ಒಂದು, ಸೆಳೆಯುವಾಗ, ಆರಿಸುವಾಗ, ಪಾತ್ರೆಯಿಂದ ಪಾತ್ರೆಗೆ ಬಗ್ಗಿಸುವಾಗ ಹಾರ್ಮೋನಿನ ಸ್ವಲ್ಪ ಭಾಗ ಉಳಿದುಹೋಗುತ್ತದೆ. ಎರಡು, ಯಂತ್ರದ ಬಾಯಿಯಲ್ಲಿ ನೂಕುನುಗ್ಗಲು ಆಗುತ್ತದೆ. ಹಾಲಿನ ಫಾಸ್ಫೋಲಿಪಿಡ್ ಮುಂತಾದ ವಸ್ತುಗಳು ಅದೇ ಹೊತ್ತಿಗೆ ಬಂದರೆ ವಿದ್ಯುದಂಶ ಅವುಗಳ ಪಾಲಾಗಿ, ನಮಗೆ ಬೇಕಾದ ಹಾರ್ಮೋನಿನ ಸಂಕೇತ ಕುಗ್ಗುತ್ತದೆ. ಜಾತ್ರೆಯ ಬಾಗಿಲಲ್ಲಿ ಜನ ಮುತ್ತಿದ ಹೊತ್ತಿಗೆ ಬಂದವನು ಒಳಗೆ ಹೋಗಲು ಕಷ್ಟಪಡುವಂತೆ ಇದು. ಹೊರಗೆ ಎಷ್ಟು ಇತ್ತು ಎಂಬುದಕ್ಕೂ ಯಂತ್ರ ಎಣಿಸಿದ್ದಕ್ಕೂ ಹೊಂದಾಣಿಕೆ ಇರುವುದಿಲ್ಲ. ಇದನ್ನು ಸರಿಪಡಿಸಲು ಕಂಡುಕೊಂಡ ಉಪಾಯವೇ 'ಆಂತರಿಕ ಮಾನಕ'.

ಬಣ್ಣ ಹಚ್ಚಿದ ಕುರಿಗಳ ಲೆಕ್ಕ

ಒಂದು ಕುರಿಮಂದೆ ರಾತ್ರಿ ಕಾಡುಹಾದಿಯಲ್ಲಿ ಘಾಟಿ ದಾಟಬೇಕಿದೆ ಎಂದಿಟ್ಟುಕೊಳ್ಳೋಣ. ಮಂದೆಯಲ್ಲಿ ಎಷ್ಟು ಕುರಿಗಳಿವೆ ಎಂಬುದು ಗೊತ್ತಿಲ್ಲ. ದಾರಿಯಲ್ಲಿ ಕೆಲವು ತಪ್ಪಿಸಿಕೊಳ್ಳುತ್ತವೆ, ಎಷ್ಟು ಎಂಬುದೂ ಗೊತ್ತಿಲ್ಲ. ಹೊರಡುವ ಮೊದಲು ಕುರುಬ ಬೆನ್ನಿಗೆ ಬಣ್ಣ ಹಚ್ಚಿದ 100 ಕುರಿಗಳನ್ನು ಎಣಿಸಿ ಮಂದೆಗೆ ಬೆರೆಸುತ್ತಾನೆ. ಬೆಳಿಗ್ಗೆ ಆಚೆ ಬದಿಯಲ್ಲಿ ನಿಂತು ನೋಡಿದಾಗ ಬಣ್ಣದ ಕುರಿ 20, ಬಣ್ಣವಿಲ್ಲದವು 60 ಕಾಣುತ್ತವೆ. ಒಂದಕ್ಕೆ ಮೂರರ ಪ್ರಮಾಣ. ಆದ್ದರಿಂದ ಮಂದೆಯಲ್ಲಿ ಮೊದಲಿದ್ದುದು 300. ಎಷ್ಟು ತಪ್ಪಿಸಿಕೊಂಡವು ಎಂಬುದು ಬೇಕಾಗಿಯೇ ಇಲ್ಲ. ಬಣ್ಣದವೂ ಬಣ್ಣವಿಲ್ಲದವೂ ಒಂದೇ ಪ್ರಮಾಣದಲ್ಲಿ ತಪ್ಪಿಸಿಕೊಂಡಿದ್ದರೆ ಸಾಕು.

ಪ್ರಯೋಗಾಲಯದಲ್ಲಿ ಮಾಡುವುದೂ ಇದನ್ನೇ. ಪ್ರೊಜೆಸ್ಟೆರಾನ್ ಅಣುವಿನ ತೂಕ 314. ಅದರಲ್ಲಿರುವ ಮೂರು ಸಾಧಾರಣ ಇಂಗಾಲದ ಜಾಗದಲ್ಲಿ ಮೂರು ಭಾರದ ಇಂಗಾಲ, ಅಂದರೆ ಕಾರ್ಬನ್-13, ಸೇರಿಸಿ ತಯಾರಿಸಿದರೆ ತೂಕ 317 ಆಗುತ್ತದೆ. ಗುಣದಲ್ಲಿ ಎರಡೂ ಒಂದೇ, ತೂಕದಲ್ಲಿ ಮಾತ್ರ ಬೇರೆ. ಇದೇ ಬಣ್ಣ ಹಚ್ಚಿದ ಕುರಿ. ಇದು ವಿಕಿರಣ ಸೂಸುವ ವಸ್ತುವಲ್ಲ.

ಒಂದು ಮಿಲಿಲೀಟರ್ ಹಾಲಿಗೆ ಮೊದಲೇ 10 ನ್ಯಾನೋಗ್ರಾಂ ಗುರುತಿನ ಪ್ರೊಜೆಸ್ಟೆರಾನ್ ಸೇರಿಸಿದ್ದೇವೆ, ಹಾಲಿನಲ್ಲಿ ನಿಜವಾಗಿ 6 ನ್ಯಾನೋಗ್ರಾಂ ಇದೆ ಎನ್ನೋಣ. ದಾರಿಯಲ್ಲಿ ಅರ್ಧ ನಷ್ಟವಾದರೆ ಯಂತ್ರಕ್ಕೆ ಕಾಣುವುದು ಒಂದು 5, ಇನ್ನೊಂದು 3. ಪ್ರಮಾಣ 0.6. ಇದನ್ನು 10ರಿಂದ ಗುಣಿಸಿದರೆ 6. ಅರ್ಧ ಕಳೆದುಹೋದರೂ ಉತ್ತರ ಸರಿಯಾಗಿಯೇ ಬಂತು.

ನಿಜವಾದ ಜೊತೆಗಾರ ಸಿಗದಿದ್ದರೆ?

ಇಲ್ಲಿಯೇ ನಮ್ಮ ಮುಖ್ಯ ವಿಷಯ ಬರುವುದು. ಗುರುತು ಹಾಕಿದ ಹಾರ್ಮೋನುಗಳು ದುಬಾರಿ. ವಿದೇಶದಿಂದ ತರಿಸಬೇಕಾದಾಗ ತಡವಾಗುತ್ತದೆ. ಎಲ್ಲ ಹಾರ್ಮೋನುಗಳಿಗೂ ಗುರುತಿನ ರೂಪ ದೊರೆಯುವುದೂ ಇಲ್ಲ. ಆಗ ಪ್ರಯೋಗಾಲಯದವರು ಅದನ್ನು ಹೋಲುವ ಬೇರೊಂದು ವಸ್ತುವನ್ನು ಬದಲಿ ಮಾನಕವಾಗಿ ಬಳಸುತ್ತಾರೆ. ಇದು ತಪ್ಪಲ್ಲ. ಯುರೋಪಿನ ಒಕ್ಕೂಟ 2002ರಲ್ಲಿ ಹೊರಡಿಸಿದ ಪರೀಕ್ಷಾ ನಿಯಮಗಳಲ್ಲಿ (2021ರಲ್ಲಿ ಇವುಗಳ ಜಾಗಕ್ಕೆ ಹೊಸ ನಿಯಮಗಳು ಬಂದಿವೆ) ಮಾನಕವನ್ನು ಸೆಳೆಯುವ ಕೆಲಸದ ಆರಂಭದಲ್ಲೇ ಸೇರಿಸಬೇಕೆಂದೂ, ದೊರೆಯುವುದನ್ನು ನೋಡಿಕೊಂಡು ಗುರುತಿನ ರೂಪವನ್ನಾಗಲಿ ರಚನೆಯಲ್ಲಿ ಹತ್ತಿರವಾದ ವಸ್ತುವನ್ನಾಗಲಿ ಬಳಸಬೇಕೆಂದೂ ಇತ್ತು.

ಆದರೆ ಬದಲಿಯನ್ನು ಆರಿಸುವುದರಲ್ಲಿ ಎಚ್ಚರ ತಪ್ಪಿದರೆ ಏನಾಗುತ್ತದೆ ನೋಡಿ. ಕುರುಬ ಕುರಿಗಳ ಬದಲು 100 ಮೇಕೆಗಳಿಗೆ ಬಣ್ಣ ಹಚ್ಚಿ ಬಿಟ್ಟನೆನ್ನೋಣ. ಮೇಕೆ ಬಂಡೆ ಹತ್ತಿ ದಾಟುವ ಪ್ರಾಣಿ, 80 ದಾಟಿದವು. ಕುರಿಗಳು 300ರಲ್ಲಿ ಅರ್ಧ, ಅಂದರೆ 150 ಮಾತ್ರ ದಾಟಿದವು. ಈಗ ಲೆಕ್ಕ ಹಾಕಿದರೆ ಮಂದೆಯಲ್ಲಿದ್ದುದು ಸುಮಾರು 188 ಎಂದು ಬರುತ್ತದೆ. ನೂರಕ್ಕೂ ಹೆಚ್ಚು ಕುರಿ ಲೆಕ್ಕದಲ್ಲೇ ಮಾಯ!

ಹಾಲಿನಲ್ಲಿಯೂ ಹಾಗೆಯೇ. ಪ್ರೊಜೆಸ್ಟೆರಾನ್ ಅರ್ಧ ಕಳೆದುಹೋಗಿ 6ರ ಜಾಗದಲ್ಲಿ 3 ಉಳಿದು, ಬದಲಿ ವಸ್ತು 10ರಲ್ಲಿ 8 ಉಳಿದರೆ ಉತ್ತರ 6ರ ಬದಲು 3.75 ಬರುತ್ತದೆ. 5ರ ಗೆರೆಯ ಮೇಲಿದ್ದ ಹಸು ಗೆರೆಯ ಕೆಳಗೆ ಇಳಿಯಿತು. ವರದಿಯಲ್ಲಿ 'ಗಬ್ಬವಿಲ್ಲ' ಎಂದಾಯಿತು. ಅದನ್ನು ನಂಬಿ ಗಬ್ಬದ ಹಸುವಿಗೆ ಮತ್ತೆ ಗರ್ಭಧಾರಣೆ ಮಾಡಿಸಿದರೆ ಭ್ರೂಣಕ್ಕೆ ಅಪಾಯ. ಬೆದೆ ಬರಿಸಲೆಂದು ಪ್ರೊಸ್ಟಾಗ್ಲ್ಯಾಂಡಿನ್ ಚುಚ್ಚುಮದ್ದು ಹಾಕಿಸಿದರಂತೂ ಹಳದಿ ಗಂಟು ಕರಗಿ, ಕಟ್ಟಿದ ಗಬ್ಬ ಇಳಿದುಹೋಗುತ್ತದೆ.

ವ್ಯತ್ಯಾಸ ಯಾವಾಗಲೂ ಒಂದೇ ಪ್ರಮಾಣದಲ್ಲಿದ್ದರೆ ಒಂದು ಗುಣಕ ಇಟ್ಟುಕೊಂಡು ಸರಿಪಡಿಸಬಹುದಲ್ಲ ಎಂದು ತಾವು ಕೇಳಬಹುದು. ನಿಜ. ಆದರೆ ಎಲ್ಲ ಹಾಲು ಒಂದೇ ಅಲ್ಲ. ಮಿಶ್ರತಳಿ ಹಸುವಿನ ಹಾಲಿನ ಕೊಬ್ಬು ಬೇರೆ, ಎಮ್ಮೆ ಹಾಲಿನದು ಬೇರೆ. ಈದ ಹೊಸದರ ಹಾಲಿಗೂ ಬತ್ತಿಸುವ ಹೊತ್ತಿನ ಹಾಲಿಗೂ, ಒಳ್ಳೆಯ ಕೆಚ್ಚಲಿನ ಹಾಲಿಗೂ ಕೆಚ್ಚಲು ಬಾವು ಬಂದ ಹಾಲಿಗೂ ವ್ಯತ್ಯಾಸವಿದೆ. ಒಂದು ಹಾಲಿಗೆ ಹೊಂದಿಸಿದ ಗುಣಕ ಇನ್ನೊಂದಕ್ಕೆ ಒಗ್ಗುವುದಿಲ್ಲ. ಜೊತೆಗಾರ ಹಾಲಿನೊಡನೆಯೇ ಬದಲಾಗುವಂತಿದ್ದರೆ ಮಾತ್ರ ಲೆಕ್ಕ ಉಳಿಯುತ್ತದೆ.

ಬದಲಿಯನ್ನು ಆರಿಸಲು ಆರು ನಿಯಮಗಳು

1. ರಚನೆಯಲ್ಲಿ ಹತ್ತಿರದ ಬಂಧುವಾಗಿರಬೇಕು. ಕೊಬ್ಬಿನಲ್ಲಿ ಕರಗುವುದು, ದ್ರಾವಕಕ್ಕೆ ಬರುವುದು, ವಿದ್ಯುದಂಶ ಪಡೆಯುವುದು ಎಲ್ಲವೂ ಹಾರ್ಮೋನಿನಂತೆಯೇ ಇರಬೇಕು.

2. ಕೊಳವೆಯಿಂದ ಹೊರಬರುವ ಹೊತ್ತು ಒಂದೇ ಆಗಿರಬೇಕು, ಇಲ್ಲವೇ ಅತಿ ಸಮೀಪವಿರಬೇಕು. ಒಂದೇ ಹೊತ್ತಿಗೆ ಬಂದವರಿಗೆ ಬಾಗಿಲಲ್ಲಿ ಒಂದೇ ನೂಕುನುಗ್ಗಲು. ಎರಡು ನಿಮಿಷ ಮೊದಲು ಬಂದವನಿಗೆ ನಂತರದ ಗದ್ದಲ ತಿಳಿಯುವುದಿಲ್ಲ.

3. ಆ ವಸ್ತು ಹಾಲಿನಲ್ಲಿ ಸ್ವಾಭಾವಿಕವಾಗಿ ಇರಬಾರದು. ಮಂದೆಯಲ್ಲಿ ಮೊದಲೇ ಬಣ್ಣದ ಕುರಿಗಳಿದ್ದರೆ ಲೆಕ್ಕವೇನು? 10 ಸೇರಿಸಿದ ಕಡೆ ಮೊದಲೇ 2 ಇದ್ದರೆ, 6 ಬರಬೇಕಾದ ಉತ್ತರ 5 ಬರುತ್ತದೆ. ಕಾರ್ಟಿಸಾಲ್, ಕೊಲೆಸ್ಟರಾಲ್ ಮುಂತಾದವು ಸ್ಟೀರಾಯ್ಡುಗಳೇ ಆದರೂ ಹಾಲಿನಲ್ಲಿ ಇರುವುದರಿಂದ ಗುರುತಿಲ್ಲದ ರೂಪದಲ್ಲಿ ಬದಲಿಯಾಗಲಾರವು.

4. ಆ ವಸ್ತುವನ್ನು ರಾಸುಗಳಿಗೆ ಔಷಧವಾಗಿ ಕೊಡುತ್ತಿರಬಾರದು. ಇದನ್ನು ಎಷ್ಟೋ ವೇಳೆ ಮರೆಯುತ್ತಾರೆ.

5. ತೂಕದ ಅಂತರ ಸಾಕಷ್ಟಿರಬೇಕು. ಪ್ರಕೃತಿಯಲ್ಲೇ ನೂರಕ್ಕೆ ಸುಮಾರು ಒಂದು ಇಂಗಾಲ ಭಾರದ್ದಾಗಿರುತ್ತದೆ. ಪ್ರೊಜೆಸ್ಟೆರಾನಿನಲ್ಲಿ 21 ಇಂಗಾಲಗಳಿರುವುದರಿಂದ, 314 ತೂಕದ 100 ಅಣುಗಳಿದ್ದರೆ 315 ತೂಕದವು ಸುಮಾರು 23 ಇದ್ದೇ ಇರುತ್ತವೆ. 317ರ ಹೊತ್ತಿಗೆ ಇದು ಸಾವಿರಕ್ಕೆ ಎರಡು ಮೂರಕ್ಕೆ ಇಳಿಯುತ್ತದೆ. ಆದ್ದರಿಂದ ಗುರುತಿನ ರೂಪ ಕನಿಷ್ಠ 3ರಷ್ಟಾದರೂ ಭಾರವಿರುವುದು ಒಳ್ಳೆಯದು.

6. ಬಣ್ಣ ಅಳಿಯಬಾರದು, ಬಣ್ಣವಿಲ್ಲದ ಕುರಿ ಬಣ್ಣದವುಗಳ ಜೊತೆ ಬರಬಾರದು. ಅಂದರೆ ಗುರುತು ಗಟ್ಟಿಯಾಗಿರಬೇಕು, ವಸ್ತು ಶುದ್ಧವಾಗಿರಬೇಕು. ಸೇರಿಸುವ 10 ನ್ಯಾನೋಗ್ರಾಂನಲ್ಲಿ ನೂರಕ್ಕೆ ಎರಡು ಭಾಗ ಗುರುತಿಲ್ಲದ ಹಾರ್ಮೋನ್ ಇದ್ದರೆ ಪ್ರತಿ ಮಾದರಿಗೂ 0.2 ನ್ಯಾನೋಗ್ರಾಂ ಸುಮ್ಮನೆ ಸೇರುತ್ತದೆ. ಬೆದೆ ದಿನದ ಕಡಿಮೆ ಹಾಲಿನಲ್ಲಿ ಇದೂ ದೊಡ್ಡದೇ.

ಪ್ರೊಜೆಸ್ಟೆರಾನಿಗೆ ಯಾವುದು ಸೂಕ್ತ?

ಮೊದಲ ಸ್ಥಾನ ಮೇಲೆ ಹೇಳಿದ ಮೂರು ಕಾರ್ಬನ್-13 ಇರುವ ಪ್ರೊಜೆಸ್ಟೆರಾನಿಗೆ. ಹೊರಬರುವ ಹೊತ್ತು ಒಂದೇ, ಗುರುತು ಅಳಿಯುವುದಿಲ್ಲ.

ಎರಡನೆಯದು ಡ್ಯೂಟೀರಿಯಂ, ಅಂದರೆ ಭಾರದ ಜಲಜನಕ, ಒಂಬತ್ತು ಸೇರಿಸಿದ ಪ್ರೊಜೆಸ್ಟೆರಾನ್. ಡ್ಯೂಟೀರಿಯಂ ಅನ್ನು ಅಮೆರಿಕದ ಯೂರಿ 1931ರಲ್ಲಿ ಕಂಡುಹಿಡಿದು 1934ರಲ್ಲಿ ನೊಬೆಲ್ ಪಡೆದರು. ಈ ರೂಪದ ತೂಕ 323. ಸಾಮಾನ್ಯ ಪ್ರೊಜೆಸ್ಟೆರಾನಿಗಿಂತ ಇದು ಕೊಳವೆಯಿಂದ ಸ್ವಲ್ಪ ಮೊದಲೇ ಹೊರಬರುತ್ತದೆ. ವ್ಯತ್ಯಾಸ ಅಲ್ಪವಾದರೂ ಗಮನದಲ್ಲಿರಬೇಕು. ಇನ್ನೊಂದು ಎಚ್ಚರಿಕೆ: ಸಾಮಾನ್ಯವಾಗಿ ಮಾರಾಟಕ್ಕಿರುವ ಒಂಬತ್ತು ಡ್ಯೂಟೀರಿಯಂಗಳ ರೂಪದಲ್ಲಿ ಅವು ಅಣುವಿನ ಸಡಿಲವಾದ ಜಾಗಗಳಲ್ಲಿ ಕುಳಿತಿರುತ್ತವೆ. ಬಲವಾದ ಕ್ಷಾರ ಅಥವಾ ಆಮ್ಲ ಬಳಸಿದರೆ ಅವು ಬಿಟ್ಟುಹೋಗಿ ಸಾಧಾರಣ ಜಲಜನಕ ಬಂದು ಕೂರಬಹುದು. ಮಳೆಗೆ ಬಣ್ಣ ತೊಳೆದುಹೋದಂತೆ. ಹದವಾದ ವಿಧಾನ ಅನುಸರಿಸಿದರೆ ಇದು ಒಳ್ಳೆಯ ಜೊತೆಗಾರ.

ಇವೆರಡೂ ನಿಜವಾದ ಜೊತೆಗಾರರು. ಇನ್ನು ಮುಂದಿನವು ಬದಲಿಗಳು.

ಡ್ಯೂಟೀರಿಯಂ ಎಂಟು ಇರುವ 17-ಹೈಡ್ರಾಕ್ಸಿ ಪ್ರೊಜೆಸ್ಟೆರಾನ್ ದಾಯಾದಿಯಂತೆ. ಗುರುತಿನ ರೂಪವಾದ್ದರಿಂದ ಹಾಲಿನಲ್ಲಿ ಸ್ವಾಭಾವಿಕವಾಗಿ ಇರುವುದಿಲ್ಲ. ಆದರೆ ಒಂದು ಆಮ್ಲಜನಕ ಹೆಚ್ಚಿರುವುದರಿಂದ ನೀರಿನ ಕಡೆ ಒಲವು ಸ್ವಲ್ಪ ಹೆಚ್ಚು, ಕೊಳವೆಯಿಂದ ಮೊದಲೇ ಹೊರಬರುತ್ತದೆ. ಆದ್ದರಿಂದ ಮಧ್ಯಮ. ಡ್ಯೂಟೀರಿಯಂ ಮೂರು ಇರುವ ಟೆಸ್ಟೋಸ್ಟೆರಾನ್ ಇನ್ನೂ ದೂರದ ನೆಂಟ. ಬೇರೆ ದಾರಿಯಿಲ್ಲದಾಗ ಮಾತ್ರ.

ಗುರುತಿಲ್ಲದ ಕೃತಕ ಸ್ಟೀರಾಯ್ಡುಗಳು ಅಗ್ಗ, ಸುಲಭವಾಗಿ ಸಿಗುತ್ತವೆ. ಮೆಡ್ರಾಕ್ಸಿಪ್ರೊಜೆಸ್ಟೆರಾನ್ ಅಸಿಟೇಟ್ ಇಂಥದು. ಆದರೆ ಕುರಿ ಮೇಕೆಗಳನ್ನು ಒಟ್ಟಿಗೆ ಬೆದೆಗೆ ತರಲು ಯೋನಿಯಲ್ಲಿ ಇಡುವ ಸ್ಪಂಜುಗಳಲ್ಲಿ ಇದೇ ಔಷಧವಿರುತ್ತದೆ. ಹಸುಗಳ ಕಿವಿಯಲ್ಲಿ ಇಡುವ ನಾರ್ಜೆಸ್ಟೊಮೆಟ್ ಎಂಬುದೂ ಇದೇ ಕುಲದ್ದು. ಚಿಕಿತ್ಸೆ ಪಡೆದ ರಾಸಿನ ಹಾಲಿನಲ್ಲಿ ಈ ವಸ್ತುವೇ ಬಂದುಬಿಟ್ಟರೆ ಮೂರನೆಯ ನಿಯಮದಲ್ಲಿ ಹೇಳಿದ ತಪ್ಪೇ ಆಗುತ್ತದೆ. ಇದನ್ನು ತಪ್ಪಿಸಲು ಚಿಕಿತ್ಸೆಯ ವಿವರವನ್ನು ಮಾದರಿಯ ಜೊತೆ ಕಳಿಸುವುದು ನಮ್ಮ ಕೈಯಲ್ಲೇ ಇದೆ.

ಒಬ್ಬನೇ ಎಲ್ಲರಿಗೂ ಜೊತೆಗಾರನಾಗಲಾರ

ಒಂದೇ ಸಲಕ್ಕೆ ಹತ್ತಾರು ಸ್ಟೀರಾಯ್ಡುಗಳನ್ನು ಅಳೆಯುವ ಪ್ರಯೋಗಾಲಯಗಳಿವೆ. ಅಲ್ಲಿ ಒಂದೇ ಮಾನಕದಿಂದ ಎಲ್ಲವನ್ನೂ ಲೆಕ್ಕ ಹಾಕಲು ಹೊರಟರೆ ಕೆಲವು ಸರಿ ಬರುತ್ತವೆ, ಕೆಲವು ಬರುವುದಿಲ್ಲ. ಉದಾಹರಣೆಗೆ, ಬೆದೆಯ ಹಾರ್ಮೋನಾದ ಈಸ್ಟ್ರಾಡಿಯಾಲ್ ಯಂತ್ರದ ಬಾಯಿಯಲ್ಲಿ ಪ್ರೊಜೆಸ್ಟೆರಾನಿನಂತೆ ಸುಲಭವಾಗಿ ವಿದ್ಯುದಂಶ ಪಡೆಯುವುದಿಲ್ಲ. ಪ್ರೊಜೆಸ್ಟೆರಾನಿನ ಜೊತೆಗಾರನನ್ನು ಅದಕ್ಕೆ ಕಟ್ಟಿದರೆ ಎತ್ತಿಗೆ ಕೋಣ ಹೂಡಿದಂತಾಗುತ್ತದೆ.

ಗಬ್ಬ ನಾಲ್ಕು ತಿಂಗಳ ಹತ್ತಿರ ಬಂದಾಗ ಹಾಲಿನಲ್ಲಿ ಈಸ್ಟ್ರೋನ್ ಸಲ್ಫೇಟ್ ಎಂಬ ಹಾರ್ಮೋನ್ ಕಾಣಿಸಿಕೊಳ್ಳುತ್ತದೆ. ಇದು ಬೆಳೆಯುವ ಕರು ಮತ್ತು ಮಾಸಿನ ಕಡೆಯಿಂದ ಬರುವುದರಿಂದ ಗಬ್ಬಕ್ಕೆ ಒಳ್ಳೆಯ ಸಾಕ್ಷಿ. ಕೆಲವು ವಿಧಾನಗಳಲ್ಲಿ ಸಲ್ಫೇಟ್ ಭಾಗವನ್ನು ಕಿಣ್ವದಿಂದ ಕತ್ತರಿಸಿ ನಂತರ ಅಳೆಯುತ್ತಾರೆ. ಆಗ ಜೊತೆಗಾರನೂ ಸಲ್ಫೇಟ್ ರೂಪದಲ್ಲೇ ಇರಬೇಕು. ಇಲ್ಲದಿದ್ದರೆ ಕತ್ತರಿಸುವ ಕೆಲಸ ಅರ್ಧಕ್ಕೆ ನಿಂತರೂ ಜೊತೆಗಾರನಿಗೆ ಅದು ತಿಳಿಯದೆ, ಉತ್ತರ ಕಡಿಮೆ ಬರುತ್ತದೆ.

ಬದಲಿಯನ್ನು ಒರೆಗೆ ಹಚ್ಚುವುದು ಹೇಗೆ?

ಬದಲಿ ಮಾನಕವನ್ನು ಪುಸ್ತಕ ನೋಡಿ ಆರಿಸಿದರೆ ಸಾಲದು, ಹಾಲಿನಲ್ಲೇ ಪರೀಕ್ಷಿಸಬೇಕು.

ಮೊದಲು ಮಾನಕ ಸೇರಿಸದ ಬರಿ ಹಾಲನ್ನು ಯಂತ್ರಕ್ಕೆ ಕೊಟ್ಟು, ಮಾನಕದ ಜಾಗದಲ್ಲಿ ಏನೂ ಕಾಣುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳಬೇಕು. ನಂತರ ಹಾಲಿಲ್ಲದೆ ಬರಿ ಮಾನಕ ಕೊಟ್ಟು, ಹಾರ್ಮೋನಿನ ಜಾಗದಲ್ಲಿ ಏನೂ ಕಾಣುತ್ತಿಲ್ಲ ಎಂದು ನೋಡಬೇಕು. ಆಮೇಲೆ ಬೆದೆ ದಿನದ ಹಾಲಿಗೆ ತಿಳಿದಷ್ಟು ಪ್ರೊಜೆಸ್ಟೆರಾನ್ ಸೇರಿಸಬೇಕು. 5 ಸೇರಿಸಿದರೆ ಉತ್ತರದಲ್ಲೂ 5ರಷ್ಟೇ ಏರಬೇಕು. ಇದನ್ನು ಒಂದೇ ಹಸುವಿನ ಹಾಲಿನಲ್ಲಿ ಮಾಡಿ ಮುಗಿಸಬಾರದು. ಜೆರ್ಸಿ, ಎಚ್.ಎಫ್. ಮಿಶ್ರತಳಿ, ನಾಟಿ ಹಸು, ಎಮ್ಮೆ ಹೀಗೆ ಬೇರೆ ಬೇರೆ ಹಾಲಿನಲ್ಲಿ ಮಾಡಬೇಕು. ರಕ್ತ ಮುಂತಾದವುಗಳಲ್ಲಿ ಔಷಧ ಅಳೆಯುವವರಿಗಾಗಿ 2022ರಲ್ಲಿ ಅಂತಿಮಗೊಂಡ ಐ.ಸಿ.ಎಚ್. ಎಂ-10 ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಕನಿಷ್ಠ 6 ಬೇರೆ ಬೇರೆ ಮೂಲಗಳಲ್ಲಿ ನೋಡಬೇಕೆಂದೂ, ವ್ಯತ್ಯಾಸ ನೂರಕ್ಕೆ 15ರೊಳಗೆ ಇರಬೇಕೆಂದೂ ಹೇಳಿದೆ. ಹಾಲಿನ ಪರೀಕ್ಷೆಗೂ ಇದು ಒಳ್ಳೆಯ ಮಾದರಿ.

ಸಾಧ್ಯವಾದರೆ ಕೆಲವು ಮಾದರಿಗಳನ್ನಾದರೂ ನಿಜವಾದ ಗುರುತಿನ ಪ್ರೊಜೆಸ್ಟೆರಾನಿನಿಂದ ಅಳೆದು, ಬದಲಿಯಿಂದ ಬಂದ ಉತ್ತರದೊಡನೆ ಹೋಲಿಸಬೇಕು. ನಿತ್ಯದ ಕೆಲಸದಲ್ಲಿಯೂ ಪ್ರತಿ ಮಾದರಿಯ ಮಾನಕದ ಸಂಕೇತವನ್ನು ಗಮನಿಸುತ್ತಿರಬೇಕು. ಐವತ್ತು ಮಾದರಿಗಳಲ್ಲಿ ಒಂದರಲ್ಲಿ ಮಾತ್ರ ಮಾನಕ ತೀರ ಕುಗ್ಗಿದ್ದರೆ ಆ ಹಾಲಿನಲ್ಲಿ ಏನೋ ವಿಶೇಷವಿದೆ ಎಂದರ್ಥ. ಆ ಅಂಕಿಯನ್ನು ಹಾಗೆಯೇ ವರದಿಗೆ ಬರೆಯದೆ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕು.

ಉತ್ಪಾದಕರು ಗಮನಿಸಬೇಕಾದ ಅಂಶಗಳು

ಜೊತೆಗಾರ ಎಷ್ಟೇ ಒಳ್ಳೆಯವನಾದರೂ ಅವನ ಕೆಲಸ ಆರಂಭವಾಗುವುದು ಹಾಲಿಗೆ ಅವನನ್ನು ಸೇರಿಸಿದ ಮೇಲೆ. ಅದಕ್ಕೆ ಮೊದಲು ಕೊಟ್ಟಿಗೆಯಲ್ಲಿ ಆದ ತಪ್ಪನ್ನು ಯಾವ ಯಂತ್ರವೂ ಸರಿಪಡಿಸಲಾರದು. ಆದ್ದರಿಂದ:

• ಪ್ರೊಜೆಸ್ಟೆರಾನ್ ಕೊಬ್ಬಿನ ಜೊತೆ ಹೋಗುವ ಹಾರ್ಮೋನ್. ಮೊದಲ ಹಾಲಿನಲ್ಲಿ ಕೊಬ್ಬು ಕಡಿಮೆ, ಕೊನೆಯ ಹಾಲಿನಲ್ಲಿ ಹೆಚ್ಚು. ಪ್ರಯೋಗಾಲಯದವರು ಬೇರೆ ರೀತಿ ತಿಳಿಸದಿದ್ದರೆ ಆ ಹಸುವಿನ ಹಾಲನ್ನು ಪೂರ್ತಿ ಕರೆದು, ಚೆನ್ನಾಗಿ ಕಲಸಿ, ಅದರಿಂದ ಮಾದರಿ ತೆಗೆಯಿರಿ. ಕೆನೆ ಕಟ್ಟಲು ಬಿಡಬೇಡಿ.

• ಒಂದೇ ಹಸುವನ್ನು ಹಲವು ಸಲ ಪರೀಕ್ಷಿಸುವುದಾದರೆ ಪ್ರತಿ ಸಲವೂ ಒಂದೇ ಹೊತ್ತಿನ ಹಾಲು ಕೊಡಿ. ಒಮ್ಮೆ ಬೆಳಿಗ್ಗೆಯದು, ಒಮ್ಮೆ ಸಂಜೆಯದು ಬೇಡ.

• ಕ್ಯಾನಿನ ಮಿಶ್ರ ಹಾಲು, ಗಿಣ್ಣು ಹಾಲು, ಕೆಚ್ಚಲು ಬಾವಿನ ಹಾಲು ಈ ಪರೀಕ್ಷೆಗೆ ಬರುವುದಿಲ್ಲ.

• ಪ್ರಯೋಗಾಲಯದವರು ಕೊಟ್ಟ ಶೀಶೆಯನ್ನೇ ಬಳಸಿ. ಕೆಡದಂತೆ ಹಾಕುವ ಮದ್ದನ್ನು ಅವರು ಹೇಳಿದಷ್ಟೇ ಹಾಕಿ. ಮನೆಯ ಸೋಡಾ ಮುಂತಾದ ಕ್ಷಾರ ವಸ್ತುಗಳನ್ನು ಖಂಡಿತ ಸೇರಿಸಬೇಡಿ. ಮಾದರಿಯನ್ನು ತಂಪಾಗಿಟ್ಟು ಬೇಗ ತಲುಪಿಸಿ.

• ಶೀಶೆಯ ಮೇಲೆ ಹಸುವಿನ ಕಿವಿಯೋಲೆಯ 12 ಅಂಕೆಗಳ ಸಂಖ್ಯೆ, ಗರ್ಭಧಾರಣೆ ಮಾಡಿಸಿದ ದಿನಾಂಕ, ಹಾಲು ಕರೆದ ದಿನ ಮತ್ತು ಹೊತ್ತು ಬರೆಯಿರಿ. ಯಾವುದೇ ಹಾರ್ಮೋನ್ ಚುಚ್ಚುಮದ್ದು, ಸ್ಪಂಜು ಅಥವಾ ಕಿವಿಯ ಔಷಧ ಕೊಟ್ಟಿದ್ದರೆ ಮುಚ್ಚಿಡದೆ ತಿಳಿಸಿ.

• ಅಂಕಿ ಗೆರೆಯ ಆಸುಪಾಸಿನಲ್ಲಿದ್ದರೆ, ಉದಾಹರಣೆಗೆ 4 ಅಥವಾ 6 ಎಂದು ಬಂದಿದ್ದರೆ, ಅದೊಂದನ್ನೇ ನಂಬಿ ಚುಚ್ಚುಮದ್ದು ಹಾಕಿಸಬೇಡಿ. ಎರಡು ಮೂರು ದಿನ ಬಿಟ್ಟು ಇನ್ನೊಂದು ಮಾದರಿ ಕೊಡಿ, ಹಸುವಿನ ಬೆದೆ ಲಕ್ಷಣಗಳನ್ನು ಗಮನಿಸಿ, ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ.

• ವರದಿ ಕೊಟ್ಟವರನ್ನು ಎರಡು ಪ್ರಶ್ನೆ ಕೇಳಲು ಸಂಕೋಚ ಬೇಡ: ಯಾವ ಮಾನಕ ಬಳಸಿದ್ದೀರಿ? ಅದನ್ನು ನಮ್ಮಂಥ ರಾಸುಗಳ ಹಾಲಿನಲ್ಲಿ ಪರೀಕ್ಷಿಸಿ ನೋಡಿದ್ದೀರಾ? ಒಳ್ಳೆಯ ಪ್ರಯೋಗಾಲಯದವರ ಬಳಿ ಇವಕ್ಕೆ ಸಿದ್ಧ ಉತ್ತರವಿರುತ್ತದೆ.

ಹಾಲಿನ ಕೊಬ್ಬಿನಾಂಶದ ಅಳತೆ ತಪ್ಪಿದರೆ ಒಂದು ದಿನದ ಬಿಲ್ಲಿನಲ್ಲಿ ಕೆಲವು ರೂಪಾಯಿ ಕಡಿಮೆಯಾಗಬಹುದು. ಹಾರ್ಮೋನಿನ ಅಳತೆ ತಪ್ಪಿದರೆ ಕಟ್ಟಿದ ಗಬ್ಬವೇ ಹೋಗಬಹುದು, ಇಲ್ಲವೇ ಬರಡಾಗಿ ನಿಂತ ಹಸುವನ್ನು ತಿಂಗಳುಗಟ್ಟಲೆ ಗಬ್ಬವೆಂದು ಸಾಕಬೇಕಾಗಬಹುದು. ನಿಜವಾದ ಜೊತೆಗಾರ ದೊರೆತಾಗ ಅದನ್ನೇ ಬಳಸಬೇಕು. ದೊರೆಯದಿದ್ದಾಗ ಬದಲಿಯನ್ನು ಬಳಸಬಹುದು, ಆದರೆ ಆ ಬದಲಿ ಹಾಲಿಗೆ ಸೇರಿದಲ್ಲಿಂದ ಯಂತ್ರದ ಬಾಯಿಯವರೆಗೆ ಹಾರ್ಮೋನಿನ ಜೊತೆಜೊತೆಗೇ ನಡೆಯುವಂಥದಾಗಿರಬೇಕು ಎಂಬುದನ್ನು ಮರೆಯಬಾರದು.

ಈ ಬಗ್ಗೆ ಹೆಚ್ಚಿನ ಮಾಹಿತಿ ಬೇಕಾದ ಸದಸ್ಯರು ತಮ್ಮ ಸಂಘದ ಕಾರ್ಯದರ್ಶಿಯವರನ್ನು, ಕೃತಕ ಗರ್ಭಧಾರಣಾ ಕಾರ್ಯಕರ್ತರನ್ನು ಅಥವಾ ಒಕ್ಕೂಟದ ಪಶುವೈದ್ಯಾಧಿಕಾರಿಗಳನ್ನು ಸಂಪರ್ಕಿಸಬಹುದು.